ಮಣ್ಣಿಗೆ, ಬೆಂಕಿಗೆ, ಹಕ್ಕಿಗೆ



ಮನೆಮಂದಿ ಒಟ್ಟಿಗೆ ಕೂತಾಗ ಯಾರೂ ಎತ್ತದ ವಿಷಯವೊಂದನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಸತ್ತವರನ್ನು ಕಳಿಸಿಕೊಡುವ ಬಗೆ ಯಾವುದು, ಅದನ್ನು ತೀರ್ಮಾನಿಸುವವರು ಯಾರು ಎಂಬುದೇ ಆ ವಿಷಯ. ಇಂಥ ಮಾತು ತೆಗೆದರೆ ಹಿರಿಯರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಆದರೆ ಒಂದಲ್ಲ ಒಂದು ದಿನ ಎಲ್ಲ ಮನೆಗೂ ಬರುವ ಕೆಲಸ ಇದು. ಬಂದಾಗ ಕೂತು ಯೋಚಿಸಲು ಹೊತ್ತಿರುವುದಿಲ್ಲ. ಚಟ್ಟ ಕಟ್ಟುವವರು, ಸೌದೆ ಕುಳ್ಳು ಹೊಂದಿಸುವವರು, ಗುಂಡಿ ತೋಡುವವರು, ನೆಂಟರಿಷ್ಟರಿಗೆ ಸುದ್ದಿ ಮುಟ್ಟಿಸುವವರು, ಎಲ್ಲರೂ ತಮಗೆ ಗೊತ್ತಿರುವ ಪದ್ಧತಿಯಂತೆ ಕೈಹಚ್ಚುತ್ತಾರೆ. ನಮ್ಮ ಪದ್ಧತಿಯೇ ಸರಿ ಎಂಬ ನಂಬಿಕೆ ಆ ಹೊತ್ತಿನಲ್ಲಿ ಎಷ್ಟು ಗಟ್ಟಿಯಾಗಿರುತ್ತದೋ ಬೇರೆ ಯಾವ ಹೊತ್ತಿನಲ್ಲೂ ಅಷ್ಟು ಗಟ್ಟಿಯಾಗಿರುವುದಿಲ್ಲ.

ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಒಂದು ಪ್ರಸಂಗ ಬರೆದಿಟ್ಟ. ಪರ್ಷಿಯಾದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆಸಿ, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿಂದೀರಿ ಎಂದು ಕೇಳಿದನಂತೆ. ಏನು ಕೊಟ್ಟರೂ ಆಗದು ಎಂದರು ಅವರು. ಅವರಲ್ಲಿ ಸುಡುವ ಪದ್ಧತಿ. ಆಮೇಲೆ ದೊರೆ ಭಾರತದ ಕಡೆಯ ಕಲ್ಲಾಟಿಯರೆಂಬ ಜನರನ್ನು ಕರೆಸಿದ. ಇವರಲ್ಲಿ ತಂದೆತಾಯಿಯ ದೇಹವನ್ನು ತಿನ್ನುವ ಪದ್ಧತಿ ಇತ್ತೆಂದು ಹೆರೊಡೋಟಸ್ ಹೇಳುತ್ತಾನೆ. ಎಷ್ಟು ಕೊಟ್ಟರೆ ತಂದೆಯ ದೇಹವನ್ನು ಸುಟ್ಟೀರಿ ಎಂದು ಡೇರಿಯಸ್ ಇವರನ್ನು ಕೇಳಿದಾಗ, ಅಂಥ ಮಾತು ಆಡಲೇಬೇಡಿ ಎಂದು ಕೂಗಿಕೊಂಡರಂತೆ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಎರಡೂ ಗುಂಪಿನವರಿಗೆ ಒಂದೇ ಸಮನಾಗಿ ಆದ ನೋವಿನ ಮೇಲೆ. ಇಬ್ಬರಿಗೂ ತಂದೆಯ ಮೇಲೆ ಇದ್ದದ್ದು ಪ್ರೀತಿಯೇ. ಇಬ್ಬರೂ ಬೇಡವೆಂದದ್ದು ಆ ಪ್ರೀತಿಯಿಂದಲೇ. ಜಗತ್ತಿನ ಶವಸಂಸ್ಕಾರಗಳ ಚರಿತ್ರೆಯನ್ನು ನೋಡುತ್ತ ಹೋದಂತೆ ನನಗೆ ಎರಡು ಸಂಗತಿ ಖಚಿತವಾಗಿವೆ. ಯಾವ ಸಮುದಾಯದ ಪದ್ಧತಿಯೂ ಆದಿಯಿಂದ ಇದ್ದ ಹಾಗೇ ಉಳಿದುಬಂದಿಲ್ಲ; ಕಾಲಕ್ಕೆ, ನೆಲಕ್ಕೆ, ಕೈಯಲ್ಲಿರುವ ಕಾಸಿಗೆ ತಕ್ಕಂತೆ ಎಲ್ಲರೂ ಬದಲಾಯಿಸಿಕೊಂಡಿದ್ದಾರೆ. ಆದರೆ ಆ ಬದಲಾವಣೆ ಸಾವಿನ ಮನೆಯವರ ಒಪ್ಪಿಗೆಯಿಂದ ಬಂದಾಗ ಮಾತ್ರ ನೆಲೆ ನಿಂತಿದೆ. ಹೊರಗಿನವರು ಹೇರಿದಾಗಲೆಲ್ಲ ವಾಸಿಯಾಗದ ಗಾಯ ಮಾಡಿದೆ.

ಸುಡುವುದೋ ಹೂಳುವುದೋ ಎಂಬ ಜಗಳಕ್ಕೆ ಆಸ್ಟ್ರೇಲಿಯದ ಮುಂಗೋ ಎಂಬ ಒಣಗಿದ ಕೆರೆಯಂಗಳ ಉತ್ತರ ಕೊಟ್ಟಿದೆ. 1968ರಲ್ಲಿ ಜಿಮ್ ಬೌಲರ್ ಎಂಬ ಭೂವಿಜ್ಞಾನಿಗೆ ಅಲ್ಲಿ ಸುಟ್ಟ ಮೂಳೆಗಳು ಸಿಕ್ಕವು. ಅವು ಒಬ್ಬ ಹೆಣ್ಣುಮಗಳ ಮೂಳೆಗಳು. ದೇಹವನ್ನು ಸುಟ್ಟು, ಉಳಿದ ಮೂಳೆಗಳನ್ನು ಪುಡಿ ಮಾಡಿ, ಮತ್ತೆ ಸುಟ್ಟು, ಹೂಳಲಾಗಿತ್ತು. ಇದು ನಡೆದದ್ದು ಸುಮಾರು 40,000 ವರ್ಷಗಳ ಹಿಂದೆ. ಇದಕ್ಕಿಂತ ಹಳೆಯ ದಹನದ ಗುರುತು ನಮಗೆ ತಿಳಿದಿಲ್ಲ. 1974ರಲ್ಲಿ ಅದೇ ಕೆರೆಯಂಗಳದಲ್ಲಿ ಹೆಚ್ಚುಕಡಿಮೆ ಅದೇ ಕಾಲದ ಗಂಡಸಿನ ಅಸ್ಥಿಪಂಜರ ಸಿಕ್ಕಿತು. ಆತನನ್ನು ಸುಟ್ಟಿರಲಿಲ್ಲ, ಕೆಮ್ಮಣ್ಣು ಹಾಕಿ ಹೂಳಿದ್ದರು. ಒಂದೇ ಕೆರೆಯ ದಂಡೆಯ ಜನ ಒಬ್ಬರನ್ನು ಬೆಂಕಿಗೆ ಕೊಟ್ಟರು, ಇನ್ನೊಬ್ಬರನ್ನು ಮಣ್ಣಿಗೆ ಕೊಟ್ಟರು. ಆ ಹೆಣ್ಣುಮಗಳ ಮೂಳೆಗಳನ್ನು 1992ರಲ್ಲಿ ಅಲ್ಲಿನ ಮೂಲನಿವಾಸಿಗಳಿಗೆ ಹಿಂದಿರುಗಿಸಲಾಯಿತು. ಅಷ್ಟು ತಲೆಮಾರು ಕಳೆದ ಮೇಲೂ ಆಕೆಯನ್ನು ತಮ್ಮವಳೆಂದು ಕೇಳಿ ಪಡೆದವರಿದ್ದರು ಎಂಬುದನ್ನು ಗಮನಿಸಿ.

ನಮ್ಮಲ್ಲೂ ಹಾಗೆಯೇ. ಮನೆಯ ಸಂಸ್ಕಾರಗಳನ್ನು ವಿಧಿಸುವ ಹಳೆಯ ಗ್ರಂಥ ಆಶ್ವಲಾಯನ ಗೃಹ್ಯಸೂತ್ರದಲ್ಲಿ ಅಸ್ಥಿ ಸಂಚಯನದ ವಿಧಿ ಇದೆ. ಚಿತೆ ಆರಿದ ಮೇಲೆ ಹೆಬ್ಬೆರಳು ಮತ್ತು ಉಂಗುರ ಬೆರಳಿನಿಂದ ಒಂದೊಂದೇ ಮೂಳೆಯನ್ನು ಎತ್ತಿ, ಸದ್ದಾಗದಂತೆ ಮಡಕೆಯಲ್ಲಿ ಇಡಬೇಕು. ಮೊದಲು ಪಾದದ ಮೂಳೆ, ಕೊನೆಗೆ ತಲೆಯದು. ಬಳಿಕ ಆ ಮಡಕೆಯನ್ನು ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಬೇಕು. ಅಂದರೆ ಇಂದು ‘ನಮ್ಮಲ್ಲಿ ಸುಡುವುದೇ ಶಾಸ್ತ್ರ’ ಎನ್ನುವವರ ಹಳೆಯ ಶಾಸ್ತ್ರದಲ್ಲೇ ಬೆಂಕಿಯೂ ಇತ್ತು, ಮಣ್ಣೂ ಇತ್ತು. ಮೂಳೆಯನ್ನು ಹೊಳೆಗೆ ಬಿಡುವುದು ಇಂದು ಎಲ್ಲೆಡೆ ಕಾಣುವ ರೂಢಿ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬೆಳಗಾದರೆ ಕೆಂಪು ಬಟ್ಟೆ ಸುತ್ತಿದ ಕುಡಿಕೆ ಹಿಡಿದು ನಿಂತವರನ್ನು ನೀವು ನೋಡಿರುತ್ತೀರಿ.

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟವನ್ನು ಹತ್ತಿದರೆ ನಮ್ಮ ನಾಡಿನ ಇನ್ನೂ ಹಳೆಯ ಅಂತ್ಯಸಂಸ್ಕಾರದ ನೆಲೆ ಕಾಣುತ್ತದೆ. ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಕಲ್ಲಿನ ಕೋಣೆಗಳು ಅಲ್ಲಿವೆ. ಕೆಲವದರ ಗೋಡೆಯಲ್ಲಿ ಗುಂಡನೆಯ ಕಂಡಿ ಕೊರೆದಿದ್ದಾರೆ. ಇವು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಸುಮಾರು 400 ಇಂಥ ಸ್ಮಾರಕಗಳು ಒಂದೇ ಕಡೆ ಉಳಿದುಕೊಂಡಿವೆ. ಸುತ್ತಲಿನ ಜನ ಇವನ್ನು ಮೋರ್ಯರ ಮನೆಗಳು ಎನ್ನುತ್ತಾರೆ. ಯಂತ್ರಗಳಿಲ್ಲದ ಕಾಲದಲ್ಲಿ, ಸತ್ತವರಿಗಾಗಿ ಅಷ್ಟು ಭಾರದ ಕಲ್ಲನ್ನು ಸೀಳಿ ಎತ್ತಿ ನಿಲ್ಲಿಸಿದ ಜನ ಅವರು. 2021ರಲ್ಲಿ ಈ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಅಲ್ಲಿಂದ ಇಲ್ಲಿಯವರೆಗೆ ಕನ್ನಡ ನಾಡಿನಲ್ಲಿ ಎಷ್ಟು ಬಗೆ ಇದೆ ನೋಡಿ. ಲಿಂಗಾಯತರಲ್ಲಿ ದೇಹವನ್ನು ಮಲಗಿಸುವುದಿಲ್ಲ. ಕುಳ್ಳಿರಿಸಿ, ಹೂವಿನಿಂದ ಅಲಂಕರಿಸಿದ ವಿಮಾನದಲ್ಲಿ ಹೊತ್ತೊಯ್ಯುತ್ತಾರೆ. ಸಮಾಧಿಯ ಗುಂಡಿಯಲ್ಲಿ ಒಂದು ಗೂಡು ಕೊರೆದು, ಅದರಲ್ಲಿ ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ, ಬಿಲ್ವಪತ್ರೆ ಹಾಕಿ ಮುಚ್ಚುತ್ತಾರೆ. ಸಾವಿನ ಸೂತಕವನ್ನು ಶರಣರು ಒಪ್ಪಲಿಲ್ಲ. ಶ್ರವಣಬೆಳಗೊಳದ ನಿಸಿದಿ ಶಾಸನಗಳು ಸಲ್ಲೇಖನದಿಂದ ದೇಹ ಬಿಟ್ಟ ಜೈನ ಮುನಿಗಳ, ಗೃಹಸ್ಥರ ಹೆಸರನ್ನು ಉಳಿಸಿಕೊಂಡಿವೆ. ಊರಿನ ದನ ಕಾಯಲು, ಹೆಣ್ಣುಮಕ್ಕಳ ಮಾನ ಕಾಯಲು ಕಾದಿ ಸತ್ತವರಿಗೆ ವೀರಗಲ್ಲು ನಿಂತಿದೆ. ಕೊಡಗಿನಲ್ಲಿ ಗುಂಡು ಹಾರಿಸಿ ಸಾವಿನ ಸುದ್ದಿಯನ್ನು ಸಾರುತ್ತಾರೆ. ಹಳೆ ಮೈಸೂರು ಕಡೆ ಹಾಲು ತುಪ್ಪ ಬಿಡುತ್ತಾರೆ, ಆಮೇಲೆ ತಿಥಿ ಮಾಡುತ್ತಾರೆ. ತುಳುನಾಡಿನಲ್ಲಿ ಮದುವೆಯಾಗದೆ ತೀರಿಹೋದ ಮಕ್ಕಳಿಗೆ ವರ್ಷಗಳಾದ ಮೇಲೂ ಗಂಡು ಹೆಣ್ಣು ಹುಡುಕಿ, ಎರಡೂ ಮನೆಯವರು ಕೂತು ಪ್ರೇತಮದುವೆ ನಡೆಸಿ ಊಟ ಹಾಕುತ್ತಾರೆ. ಮಗು ಬದುಕಿದ್ದರೆ ಇಷ್ಟು ಹೊತ್ತಿಗೆ ಮದುವೆಯ ವಯಸ್ಸಾಗುತ್ತಿತ್ತು ಎಂದು ಲೆಕ್ಕ ಇಟ್ಟುಕೊಂಡಿರುವ ತಾಯಿಯನ್ನು ನೆನೆದರೆ ಆ ಆಚರಣೆಯ ಬಗ್ಗೆ ಹಗುರವಾಗಿ ಮಾತಾಡಲು ಬಾಯಿ ಬರುವುದಿಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಇಂದಿನ ಜಪಾನಿನಲ್ಲಿ ಸತ್ತವರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ದಹನವೇ ಆಗುತ್ತದೆ. ಅಲ್ಲಿ ಚಿತಾಗಾರದ ಕೆಲಸ ಮುಗಿದ ಮೇಲೆ ಮನೆಯವರು ಹೊರಗೆ ಕಾದು ಬೂದಿಯ ಡಬ್ಬಿ ತೆಗೆದುಕೊಂಡು ಹೋಗಿಬಿಡುವುದಿಲ್ಲ. ಅವರನ್ನು ಒಳಗೆ ಕರೆಯುತ್ತಾರೆ. ಇನ್ನೂ ಬಿಸಿ ಆರದ ತಟ್ಟೆಯ ಮೇಲೆ ಬಿಳಿ ಮೂಳೆಗಳಿರುತ್ತವೆ. ಮಕ್ಕಳು, ಅಣ್ಣತಮ್ಮಂದಿರು, ಸೊಸೆಯಂದಿರು ಸುತ್ತ ನಿಲ್ಲುತ್ತಾರೆ. ಇಬ್ಬಿಬ್ಬರು ಜೊತೆಯಾಗಿ, ಇಬ್ಬರೂ ಒಂದೊಂದು ಜೊತೆ ಕಡ್ಡಿ ಹಿಡಿದು, ಒಂದೇ ಮೂಳೆಯನ್ನು ಒಟ್ಟಿಗೆ ಎತ್ತಿ ಕುಡಿಕೆಗೆ ಹಾಕುತ್ತಾರೆ. ಮೊದಲು ಪಾದದ ಕಡೆಯಿಂದ ಆರಂಭ. ಹೀಗೆ ಮಾಡಿದರೆ ಕುಡಿಕೆಯೊಳಗೆ ಸತ್ತವರು ತಲೆಕೆಳಗಾಗಿ ಇರುವುದಿಲ್ಲ. ಕೊನೆಗೆ ಕುತ್ತಿಗೆಯ ಒಂದು ಮೂಳೆ. ಅದು ಧ್ಯಾನಕ್ಕೆ ಕೂತ ಬುದ್ಧನ ಆಕಾರದಲ್ಲಿ ಕಾಣುತ್ತದೆಂದು ಅದಕ್ಕೆ ವಿಶೇಷ ಗೌರವ. ಸತ್ತವರಿಗೆ ಬಹಳ ಹತ್ತಿರದವರು ಅದನ್ನು ಎತ್ತುತ್ತಾರೆ. ಈ ಕಾರಣಕ್ಕೇ ಜಪಾನಿನ ಊಟದ ಮನೆಯಲ್ಲಿ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸನ್ನು ದಾಟಿಸುವುದು ದೊಡ್ಡ ಅಪಚಾರ. ಮಕ್ಕಳು ಗೊತ್ತಿಲ್ಲದೆ ಹಾಗೆ ಮಾಡಿದರೆ ದೊಡ್ಡವರು ತಡೆಯುತ್ತಾರೆ. ಪಾದದಿಂದ ಆರಂಭಿಸಿ ಮೇಲಕ್ಕೆ ಬರುವುದನ್ನು ನಾವು ಆಶ್ವಲಾಯನರಲ್ಲಿ ಈಗಷ್ಟೇ ಕಂಡೆವಲ್ಲ! ಸಮುದ್ರದ ಆಚೆ ಈಚೆಯ ಎರಡು ಜನಾಂಗಗಳಿಗೆ ತಮ್ಮವರ ಮೂಳೆಯ ಮೇಲೆ ಒಂದೇ ಬಗೆಯ ಅಕ್ಕರೆ.

ಆದರೆ ಇದೇ ಜಪಾನಿನ ಸರ್ಕಾರ 1873ರಲ್ಲಿ ದಹನವನ್ನು ನಿಷೇಧಿಸಿತ್ತು. ಅದು ಬೌದ್ಧರ ಪದ್ಧತಿ, ಶಿಂಟೋ ಸಂಪ್ರದಾಯಕ್ಕೆ ಹೊರತಾದದ್ದು, ತಂದೆತಾಯಿಯ ದೇಹಕ್ಕೆ ಮಾಡುವ ಅಗೌರವ ಎಂಬ ವಾದ ಆಗ ಮೇಲಾಗಿತ್ತು. ನಗರಗಳಲ್ಲಿ ಹೂಳಲು ಜಾಗ ಸಾಲದಾಯಿತು. ಸುಡುವುದನ್ನೇ ನಂಬಿದ್ದ ಮನೆಗಳು ಸುಮ್ಮನಿರಲಿಲ್ಲ. 1875ರಲ್ಲಿ ಸರ್ಕಾರ ನಿಷೇಧವನ್ನು ಹಿಂತೆಗೆದುಕೊಂಡಿತು. ಎರಡೇ ವರ್ಷ ಬಾಳಿದ ಕಾನೂನು ಅದು.

ಅದೇ ಹೊತ್ತಿನಲ್ಲಿ ಯೂರೋಪಿನಲ್ಲಿ ತದ್ವಿರುದ್ಧದ ಚರ್ಚೆ ಶುರುವಾಗಿತ್ತು. ಬಹಳ ಹಿಂದೆ ಅಲ್ಲಿಯೂ ಹೋಮರನ ಕಾವ್ಯದ ವೀರರಿಗೆ ಚಿತೆಯೇ ಗೌರವವಾಗಿತ್ತು. ರೋಮನರೂ ಸುಡುತ್ತಿದ್ದರು. ಕ್ರೈಸ್ತ ಧರ್ಮ ಹರಡಿದಂತೆ, ಪುನರುತ್ಥಾನದ ನಂಬಿಕೆಯಿಂದ ಹೂಳುವುದೇ ಎಲ್ಲೆಡೆ ನೆಲೆಯಾಯಿತು. ಎಂಟನೆಯ ಶತಮಾನದ ಕೊನೆಗೆ ಚಕ್ರವರ್ತಿ ಶಾರ್ಲಮೇನ್ ತಾನು ಗೆದ್ದ ಸ್ಯಾಕ್ಸನ್ ಜನರಿಗೆ, ಹೆಣ ಸುಟ್ಟರೆ ಮರಣದಂಡನೆ ಎಂದು ಶಾಸನ ಮಾಡಿದ. ಮುಂದಿನ ಸಾವಿರ ವರ್ಷ ಆ ಖಂಡದ ಬಹುಭಾಗದಲ್ಲಿ ಚಿತೆ ಎಂದರೆ ಅಪರಾಧ, ಇಲ್ಲವೇ ಅಪಮಾನ.

ಅಂಥ ಯೂರೋಪಿನ ನಡುವೆ, 1870ರ ನವೆಂಬರ್ 30ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಮ್ಮ ನೆರೆಯ ಕೊಲ್ಹಾಪುರದ ಮಹಾರಾಜ ರಾಜಾರಾಮ ಛತ್ರಪತಿ ತೀರಿಕೊಂಡರು. ಅವರಿಗಿನ್ನೂ 20 ವರ್ಷ. ಇಂಗ್ಲೆಂಡ್ ನೋಡಿಕೊಂಡು ಊರಿಗೆ ಹಿಂದಿರುಗುತ್ತಿದ್ದರು. ಜೊತೆಗಿದ್ದ ಪರಿವಾರದವರು ಎರಡು ಹೊಳೆ ಕೂಡುವ ಜಾಗದಲ್ಲಿ ದಹನ ಆಗಲೇಬೇಕೆಂದು ಕೇಳಿದರು. ನಗರದ ಆಡಳಿತ ಒಪ್ಪಿತು. ಆರ್ನೋ ನದಿಗೆ ಮುನ್ಯೋನೆ ಹೊಳೆ ಸೇರುವ ಕಡೆ, ಕಾಶಿನೆ ಉದ್ಯಾನದ ಅಂಚಿನಲ್ಲಿ ಚಿತೆ ಹೊತ್ತಿತು. ಬೂದಿ ಆ ನದಿಯ ನೀರಿಗೆ ಸೇರಿತು. 1874ರಲ್ಲಿ ಅಲ್ಲೊಂದು ಮಂಟಪ ಕಟ್ಟಿ ಮಹಾರಾಜರ ಪ್ರತಿಮೆ ಇಟ್ಟರು. ಈಗಲೂ ಫ್ಲಾರೆನ್ಸಿನವರು ಆ ಜಾಗವನ್ನೂ ಹತ್ತಿರದ ಸೇತುವೆಯನ್ನೂ ಭಾರತೀಯನ ಹೆಸರಿನಿಂದಲೇ ಕರೆಯುತ್ತಾರೆ. ಪರದೇಶದ ಎಳೆಯ ಅತಿಥಿಯ ಸಾವಿನಲ್ಲಿ ತಮ್ಮ ಪದ್ಧತಿಯನ್ನು ಬದಿಗಿಟ್ಟು ಆತನದಕ್ಕೆ ದಾರಿ ಬಿಟ್ಟ ಆ ಊರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬ್ರಿಟನ್ನಿನಲ್ಲಿ ದಾರಿ ಅಷ್ಟು ಸುಲಭವಾಗಿರಲಿಲ್ಲ. 1873ರ ವಿಯೆನ್ನಾ ಪ್ರದರ್ಶನದಲ್ಲಿ ಇಟಲಿಯ ಪ್ರಾಧ್ಯಾಪಕ ಬ್ರುನೆಟ್ಟಿ ತಾನು ರೂಪಿಸಿದ ದಹನದ ಕುಲುಮೆಯನ್ನು ತೋರಿಸಿದ. ಅದನ್ನು ಕಂಡ ಶಸ್ತ್ರವೈದ್ಯ ಸರ್ ಹೆನ್ರಿ ಥಾಂಪ್ಸನ್ ಮರುವರ್ಷವೇ ಇಂಗ್ಲೆಂಡಿನಲ್ಲಿ ದಹನ ಸಂಘವನ್ನು ಕಟ್ಟಿದ. ತುಂಬಿ ತುಳುಕುತ್ತಿದ್ದ ಲಂಡನ್ನಿನ ಸ್ಮಶಾನಗಳಿಂದ ರೋಗ ಹರಡುತ್ತದೆ ಎಂಬುದು ಅವನ ಚಿಂತೆ. ವೋಕಿಂಗ್ ಎಂಬಲ್ಲಿ ಚಿತಾಗಾರ ಕಟ್ಟಿ 1879ರಲ್ಲಿ ಒಂದು ಸತ್ತ ಕುದುರೆಯನ್ನು ಸುಟ್ಟು ಪರೀಕ್ಷಿಸಿದರು. ಸುತ್ತಲಿನವರು ಪ್ರತಿಭಟಿಸಿದ್ದರಿಂದ ಮನುಷ್ಯರ ದೇಹ ಸುಡಲು ಅಪ್ಪಣೆ ಸಿಗಲಿಲ್ಲ.

ಗಂಟು ಬಿಡಿಸಿದವನು ವೇಲ್ಸ್ ಪ್ರಾಂತ್ಯದ ಒಬ್ಬ ಮುದುಕ, ವೈದ್ಯ ವಿಲಿಯಂ ಪ್ರೈಸ್. 1884ರ ಜನವರಿಯಲ್ಲಿ, ತನ್ನ 83ನೆಯ ವಯಸ್ಸಿನಲ್ಲಿ, ತೀರಿಕೊಂಡ ತನ್ನ ಹಸುಗೂಸಿನ ದೇಹವನ್ನು ಲ್ಯಾಂಟ್ರಿಸಂಟ್ ಊರಿನ ಗುಡ್ಡದ ಮೇಲೆ ಸುಡಲು ಹೊರಟ. ಚರ್ಚಿನಿಂದ ಬರುತ್ತಿದ್ದ ಜನ ಉರಿ ಕಂಡು ಓಡಿ ಬಂದರು. ಬೆಂಕಿಯಿಂದ ಶವವನ್ನು ಹೊರಕ್ಕೆಳೆದರು. ಪೊಲೀಸರು ಪ್ರೈಸ್‌ನನ್ನು ಬಂಧಿಸಿದರು. ಕಾರ್ಡಿಫ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಈ ಹೆಸರು ನಮ್ಮ ವಕೀಲರಿಗೆ ಪರಿಚಿತ. ಭಾರತದಲ್ಲಿ ವೈಸರಾಯರ ಪರಿಷತ್ತಿನ ಕಾನೂನು ಸದಸ್ಯರಾಗಿದ್ದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದವರು ಅವರೇ. ಸುತ್ತಲಿನವರಿಗೆ ತೊಂದರೆಯಾಗದಂತೆ ಮಾಡಿದರೆ ಹೆಣ ಸುಡುವುದು ಅಪರಾಧವಲ್ಲ ಎಂದು ಸ್ಟೀಫನ್ ತೀರ್ಪು ಕೊಟ್ಟರು. ಮರುವರ್ಷ ವೋಕಿಂಗ್‌ನಲ್ಲಿ ಮೊದಲ ದಹನ ನಡೆಯಿತು. 1902ರಲ್ಲಿ ಕಾನೂನೇ ಬಂತು. ಪ್ರೈಸ್ 1893ರಲ್ಲಿ ತೀರಿಕೊಂಡಾಗ ಅದೇ ಗುಡ್ಡದ ಮೇಲೆ ಆತನ ದಹನ ನೋಡಲು ಸುಮಾರು 20,000 ಮಂದಿ ಸೇರಿದ್ದರಂತೆ. ಕ್ಯಾಥೊಲಿಕ್ ಚರ್ಚು 1886ರಲ್ಲಿ ದಹನವನ್ನು ನಿಷೇಧಿಸಿತು, 1963ರಲ್ಲಿ ಆ ನಿಷೇಧವನ್ನು ಸಡಿಲಿಸಿತು. ಇಂದು ಬ್ರಿಟನ್ನಿನಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ದಹನವೇ ಆಗುತ್ತದೆ. ಒಂದು ಶತಮಾನದೊಳಗೆ ಇಷ್ಟು ದೊಡ್ಡ ಬದಲಾವಣೆ ಆಗಿದೆ. ಆದರೆ ಯಾರನ್ನೂ ಚಿತೆಗೆ ಎಳೆದೊಯ್ಯಲಿಲ್ಲ. ಒಂದೊಂದು ಮನೆಯೂ ತಾನೇ ನಿರ್ಧರಿಸಿತು. ಹೂಳುವವರು ಇಂದಿಗೂ ಹೂಳುತ್ತಿದ್ದಾರೆ.

ಬೆಂಕಿಯೂ ಬೇಡ, ಮಣ್ಣೂ ಬೇಡ ಎನ್ನುವವರ ವಿಷಯಕ್ಕೆ ಬರುತ್ತೇನೆ. ಪಾರ್ಸಿಗಳಿಗೆ ಬೆಂಕಿ, ನೆಲ, ನೀರು ಮೂರೂ ಪವಿತ್ರ. ಹೆಣದಿಂದ ಅವನ್ನು ಮೈಲಿಗೆ ಮಾಡಬಾರದು. ಆದ್ದರಿಂದ ಚಾವಣಿಯಿಲ್ಲದ, ದುಂಡಗಿನ ಕಲ್ಲಿನ ಕಟ್ಟಡ ಕಟ್ಟುತ್ತಾರೆ. ಅದಕ್ಕೆ ದಖ್ಮಾ ಎಂದು ಹೆಸರು. ಒಳಗೆ ನೆಲದಲ್ಲಿ ಮೂರು ಸುತ್ತು: ಹೊರಸುತ್ತು ಗಂಡಸರಿಗೆ, ನಡುಸುತ್ತು ಹೆಂಗಸರಿಗೆ, ಒಳಸುತ್ತು ಮಕ್ಕಳಿಗೆ. ನಟ್ಟನಡುವೆ ಆಳದ ಬಾವಿ. ಮೈತೊಳೆದು ಬಿಳಿಬಟ್ಟೆ ಉಡಿಸಿದ ದೇಹವನ್ನು ನಾಯಿಗೆ ತೋರಿಸುವ ವಿಧಿ ಇದೆ. ಪ್ರಾರ್ಥನೆ ಮುಗಿದ ಮೇಲೆ ಶವವಾಹಕರು ಮಾತ್ರ ಒಳಗೆ ಹೋಗುತ್ತಾರೆ. ಬಿಸಿಲು ಮತ್ತು ರಣಹದ್ದುಗಳು ಉಳಿದ ಕೆಲಸ ಮಾಡುತ್ತವೆ. ಬಡವ ಬಲ್ಲಿದ ಎಲ್ಲರ ಮೂಳೆಯೂ ಕೊನೆಗೆ ಸೇರುವುದು ಅದೇ ಬಾವಿಗೆ. ಸತ್ತ ಮೇಲೂ ಒಂದು ಜೀವಕ್ಕೆ ಅನ್ನವಾಗುವುದು ದೊಡ್ಡ ದಾನ ಎಂಬ ಭಾವನೆ ಅವರಲ್ಲಿದೆ. ಸೌದೆ ವಿರಳವಾದ, ನೆಲ ಹೆಪ್ಪುಗಟ್ಟುವ ಟಿಬೆಟ್ಟಿನ ಎತ್ತರದ ಬಯಲಿನಲ್ಲೂ ಇದೇ ಭಾವನೆಯಿಂದ ದೇಹವನ್ನು ಹದ್ದುಗಳಿಗೆ ಕೊಡುತ್ತಾರೆ. ಅಲ್ಲಿಂದ ಬಂದು ನಮ್ಮ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟನ್ನರು ಇಲ್ಲಿನ ನೆಲಕ್ಕೆ ತಕ್ಕಂತೆ ದಹನ ಮಾಡುತ್ತಾರೆ.

ಪಾರ್ಸಿಗಳ ಕಷ್ಟ ಬೇರೆ ರೀತಿಯದು. ಪದ್ಧತಿ ಇದೆ, ಹಕ್ಕಿ ಇಲ್ಲ. 1990ರ ದಶಕದಿಂದ ಭಾರತದ ರಣಹದ್ದುಗಳು ಸಾಲುಸಾಲಾಗಿ ಸತ್ತವು. ಬಿಳಿ ಬೆನ್ನಿನ ರಣಹದ್ದು ನೂರಕ್ಕೆ ಒಂದರಷ್ಟೂ ಉಳಿಯಲಿಲ್ಲ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2004ರಲ್ಲಿ ಇದು ಸಾಬೀತಾಯಿತು. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾದದ್ದರ ಹಿಂದೆಯೂ ಇದೇ ದುರಂತವಿದೆ. ಹದ್ದು ಬಾರದಾದಾಗ, ದಖ್ಮಾಗಳಿರುವ ಮುಂಬಯಿಯ ಡೂಂಗರವಾಡಿಯಲ್ಲಿ ಸೂರ್ಯನ ಶಾಖವನ್ನು ಒಟ್ಟುಗೂಡಿಸುವ ಫಲಕಗಳನ್ನು ಇಟ್ಟರು. ಕೆಲವು ಕುಟುಂಬಗಳು ದಹನದ ದಾರಿ ಹಿಡಿದವು. ಅಂಥವರಿಗಾಗಿ 2015ರಲ್ಲಿ ವರ್ಲಿಯ ಚಿತಾಗಾರದ ಬಳಿ ಪ್ರಾರ್ಥನಾ ಮಂದಿರ ತೆರೆಯಿತು. 2024ರ ಅಕ್ಟೋಬರ್‌ನಲ್ಲಿ ರತನ್ ಟಾಟಾ ಅವರ ಅಂತ್ಯಸಂಸ್ಕಾರ ವರ್ಲಿಯ ವಿದ್ಯುತ್ ಚಿತಾಗಾರದಲ್ಲಿಯೇ ನಡೆಯಿತು. ಹಳೆಯ ಪದ್ಧತಿಯನ್ನು ಬಿಡಲೊಲ್ಲದವರು, ಬದಲಾಗಲೇಬೇಕೆನ್ನುವವರು, ಎರಡೂ ಕಡೆಯವರು ಆ ಸಣ್ಣ ಸಮುದಾಯದಲ್ಲಿದ್ದಾರೆ. ಅವರ ನಡುವಿನ ಚರ್ಚೆ ಬಿಸಿಯಾಗಿಯೇ ನಡೆದಿದೆ. ನಡೆಯಲಿ. ಅದು ಅವರು ಅವರೊಳಗೆ ತೀರ್ಮಾನಿಸಬೇಕಾದ ವಿಷಯ.

ಖರ್ಚಿನ ಮಾತನ್ನೂ ಹೇಳಬೇಕು. ಹಿಂದೆ ಯೆಹೂದಿಗಳಲ್ಲಿ ಹೆಣಕ್ಕೆ ಉಡಿಸುವ ಬಟ್ಟೆಯ ಬೆಲೆ ಏರುತ್ತ ಹೋಗಿ, ಸಾವಿಗಿಂತ ಅದರ ಖರ್ಚೇ ಮನೆಯವರಿಗೆ ಭಾರವಾಗಿತ್ತು ಎಂದು ಅವರ ತಾಲ್ಮೂದ್ ಗ್ರಂಥ ಹೇಳುತ್ತದೆ. ಆಗ ಗಮಲಿಯೇಲ್ ಎಂಬ ಹಿರಿಯ ಗುರು ತನ್ನನ್ನು ಬರೀ ನಾರುಬಟ್ಟೆಯಲ್ಲಿ ಸುತ್ತಿ ಒಯ್ಯಬೇಕೆಂದು ಹೇಳಿ ಸತ್ತ. ಗುರುವೇ ಹಾಗೆ ಹೋದ ಮೇಲೆ ಉಳಿದವರಿಗೆ ಸಂಕೋಚ ಕಳೆಯಿತು. ಇಂದಿಗೂ ಅವರಲ್ಲಿ ಸಿರಿವಂತನಿಗೂ ಬಡವನಿಗೂ ಒಂದೇ ಬಗೆಯ ಸರಳ ಬಿಳಿ ಉಡುಪು. ಮುಸ್ಲಿಮರ ಕಫನ್ ಕೂಡ ಹಾಗೆಯೇ ಸರಳ. ಬಾಲಿ ದ್ವೀಪದ ಹಿಂದೂಗಳ ದಹನ ಭಾರಿ ಉತ್ಸವ. ಬಹುಮಹಡಿಯ ಗೋಪುರ ಕಟ್ಟಿ, ಗೂಳಿಯಾಕಾರದ ಪೆಟ್ಟಿಗೆಯಲ್ಲಿ ದೇಹವನ್ನಿಟ್ಟು ಸುಡುತ್ತಾರೆ. ಆ ಖರ್ಚು ಹೊರಲಾರದವರು ಮೊದಲು ದೇಹವನ್ನು ಹೂಳಿಟ್ಟು, ಊರಿನವರೆಲ್ಲ ಸೇರಿ ಸಾಮೂಹಿಕ ದಹನ ನಡೆಸುವವರೆಗೆ ಕಾಯುತ್ತಾರೆ. ಸಾಲ ಮಾಡಿ ತಿಥಿಯೂಟ ಹಾಕಿಸುವ ನಮ್ಮ ಊರುಗಳು ಈ ಉದಾಹರಣೆಗಳನ್ನು ಗಮನಿಸಬೇಕು. ಊರಿನ ಸ್ಥಿತಿವಂತರು ಮೊದಲು ಸರಳವಾಗಿ ಮಾಡಲಿ, ಬಡವರ ಮೇಲಿನ ಹೊರೆ ತಾನೇ ಇಳಿಯುತ್ತದೆ.

ಇನ್ನು ಹೇರಿಕೆಯ ಮಾತು. 2020ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ, ಕೋವಿಡ್‌ನಿಂದ ಸತ್ತ ಎಲ್ಲರನ್ನೂ ಸುಡಲೇಬೇಕೆಂದು ಕಡ್ಡಾಯ ಮಾಡಿತು. ಹೂಳಿದರೆ ಅಂತರ್ಜಲ ಕೆಡುತ್ತದೆ ಎಂಬುದು ಕೊಟ್ಟ ಕಾರಣ. ಹೂಳಬಹುದು, ಸುಡಲೂಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ ಕೇಳಲಿಲ್ಲ. ಮುಸ್ಲಿಮರಿಗೆ ಹೆಣ ಸುಡುವುದು ನಿಷಿದ್ಧ; ಕ್ರೈಸ್ತರಲ್ಲೂ ಹಲವರಿಗೆ ಹೂಳುವುದೇ ಬೇಕಿತ್ತು. ಆ ಡಿಸೆಂಬರ್‌ನಲ್ಲಿ 20 ದಿನದ ಒಂದು ಮುಸ್ಲಿಂ ಕೂಸನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಸುಟ್ಟರು. ಕೊಲಂಬೊದ ಬೊರೆಲ್ಲ ಸ್ಮಶಾನದ ಬೇಲಿಗೆ ಜನ ಬಂದು ಬಿಳಿಬಟ್ಟೆಯ ಚೂರುಗಳನ್ನು ಕಟ್ಟಿಹೋದರು. ಮುಸ್ಲಿಮರಲ್ಲಿ ಕಫನ್‌ನ ಬಣ್ಣ ಬಿಳಿ. ಅಲ್ಲಿನ ಬೌದ್ಧರಲ್ಲಿ ಶೋಕದ ಬಣ್ಣವೂ ಬಿಳಿ. ಕಟ್ಟಿದವರಲ್ಲಿ ಎಲ್ಲ ಧರ್ಮದವರೂ ಇದ್ದರು. 2021ರ ಫೆಬ್ರವರಿಯಲ್ಲಿ ಆದೇಶ ರದ್ದಾಯಿತು. 2024ರ ಜುಲೈನಲ್ಲಿ ಸರ್ಕಾರ ಕ್ಷಮೆ ಕೇಳಿತು. ಸುಟ್ಟುಹೋದ ದೇಹಗಳನ್ನು ಯಾವ ಕ್ಷಮೆಯೂ ಗೋರಿಗೆ ತರಲಾರದು.

ಅದೇ ಕಾಲದಲ್ಲಿ ನಮ್ಮ ದೇಶದಲ್ಲಿ ಕೋವಿಡ್‌ನಿಂದ ಸತ್ತ ಪಾರ್ಸಿಗಳನ್ನು ದಖ್ಮಾದಲ್ಲಿ ಇಡುವಂತಿಲ್ಲ ಎಂಬ ನಿಯಮವಿತ್ತು. ಸೂರತ್ತಿನ ಪಾರ್ಸಿಗಳು ನ್ಯಾಯಾಲಯದ ಮೊರೆ ಹೋದರು. ಅವರೂ ಸರ್ಕಾರದ ಕಡೆಯವರೂ ಕೂತು ಮಾತಾಡಿದರು. ದಖ್ಮಾದ ಮೇಲೆ ಹಕ್ಕಿ ಬಾರದಂತೆ ಲೋಹದ ಬಲೆ ಹಾಕಿ, ಬಿಸಿಲಿನಲ್ಲಿ ದೇಹ ಕರಗಲು ಬಿಡುವ ವಿಧಾನವನ್ನು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ರೋಗದ ಭಯವೂ ನಿಜ, ನಂಬಿಕೆಯೂ ನಿಜ. ಎರಡನ್ನೂ ಕಾಯುವ ದಾರಿ ಹುಡುಕಿದರೆ ಸಿಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕನ್ನಡಿಗರಾದ ನಾವು ಇದನ್ನೆಲ್ಲ ದೂರದ ಕಥೆ ಎಂದುಕೊಳ್ಳುವಂತಿಲ್ಲ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ಬಂದದ್ದು 1965ರಲ್ಲಿ. ಅದರಲ್ಲಿ, ಜಾತಿಯ ಕಟ್ಟು ಮೀರಿ ಬದುಕಿದ ಬ್ರಾಹ್ಮಣ ನಾರಣಪ್ಪನ ಹೆಣವನ್ನು ಯಾರು ಸುಡಬೇಕೆಂದು ಅಗ್ರಹಾರವೆಲ್ಲ ಶಾಸ್ತ್ರ ಹುಡುಕುತ್ತಿದ್ದಾಗ, ಅವನ ಸಂಗಾತಿ ಚಂದ್ರಿಯ ಮಾತಿಗೆ ಓಗೊಟ್ಟು ಬಂದು ಆ ದೇಹವನ್ನು ಚಿತೆಗೆ ಸೇರಿಸಿದವನು ಒಬ್ಬ ಮುಸ್ಲಿಂ ಮೀನು ವ್ಯಾಪಾರಿ. ಐವತ್ತೈದು ವರ್ಷದ ಬಳಿಕ ಕೋವಿಡ್ ಬಂದಾಗ, ಮನೆಯವರೇ ಹತ್ತಿರ ಹೋಗಲಾರದ ಹೆಣಗಳನ್ನು ಬೆಂಗಳೂರಿನಲ್ಲಿ ಎಲ್ಲ ಧರ್ಮದ ಸ್ವಯಂಸೇವಕರು ಹೆಗಲು ಕೊಟ್ಟು ಸಾಗಿಸಿದರು. ಹಿಂದೂವಿಗೆ ಚಿತೆ, ಮುಸ್ಲಿಮನಿಗೆ ಗೋರಿ, ಕ್ರೈಸ್ತನಿಗೆ ಪ್ರಾರ್ಥನೆ, ಯಾರದು ಹೇಗೋ ಹಾಗೆ. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರಬಾರದು ಎನ್ನುತ್ತಿದ್ದ ಮನೆಗಳಲ್ಲಿ ಇಂದು ಮಗಳು ಅಪ್ಪನ ಚಿತೆಗೆ ಕೊಳ್ಳಿ ಇಡುತ್ತಿದ್ದಾಳೆ. 2021ರ ಡಿಸೆಂಬರ್‌ನಲ್ಲಿ ಜನರಲ್ ಬಿಪಿನ್ ರಾವತ್ ಅವರಿಗೆ ಅವರ ಇಬ್ಬರು ಹೆಣ್ಣುಮಕ್ಕಳು ಅಂತ್ಯಕ್ರಿಯೆ ಮಾಡಿದ್ದನ್ನು ದೇಶವೇ ನೋಡಿತು.

ಆದರೂ ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ದಲಿತರಿಗೆ ಹೆಣ ಹೂಳಲು ಸ್ವಂತ ಜಾಗವಿಲ್ಲ. ಕೆರೆಯಂಗಳವೋ, ಹಳ್ಳದ ದಂಡೆಯೋ, ರಸ್ತೆಯ ಬದಿಯೋ ಗತಿ. ಸ್ಮಶಾನಕ್ಕೆ ಜಾಗ ಕೊಡಿ ಎಂದು ಹೈಕೋರ್ಟು ಸರ್ಕಾರಕ್ಕೆ ಹೇಳಬೇಕಾಗಿ ಬಂದಿದೆ. ಪದ್ಧತಿ ಯಾವುದೇ ಇರಲಿ, ಅದನ್ನು ನಡೆಸಲು ಆರಡಿ ನೆಲ ಬೇಕು. ಆ ನೆಲವನ್ನು ಕೊಡದೆ ಇರುವುದೂ ಒಂದು ಹೇರಿಕೆಯೇ. ಇನ್ನು, ಗುಂಡಿ ತೋಡುವವರು, ಚಿತೆ ಕಾಯುವವರು, ಚಿತಾಗಾರದ ಕುಲುಮೆಯ ಮುಂದೆ ಹಗಲಿರುಳು ನಿಲ್ಲುವವರು. ನಮ್ಮೆಲ್ಲರ ಕೊನೆಯ ಕೆಲಸ ಮಾಡಿಕೊಡುವ ಅವರಿಗೆ ತಿಂಗಳು ತಿಂಗಳಿಗೆ ಸರಿಯಾದ ಸಂಬಳ, ಮಕ್ಕಳಿಗೆ ಓದು, ಊರಿನಲ್ಲಿ ಸಮಾನ ಮರ್ಯಾದೆ ಸಿಗಬೇಕು.

ಕೇಳುಗ ಬಂಧುಗಳೇ, ನಿಮ್ಮಲ್ಲಿ ನನ್ನ ಬಿನ್ನಹ ಇಷ್ಟು. ನಿಮ್ಮ ಮನೆಯ ಹಿರಿಯರನ್ನು, ಅವರು ಗಟ್ಟಿಯಾಗಿರುವಾಗಲೇ, ಮೆಲ್ಲಗೆ ಕೂರಿಸಿಕೊಂಡು ಕೇಳಿ: ಮಣ್ಣೋ, ಸೌದೆಯೋ, ವಿದ್ಯುತ್ ಚಿತಾಗಾರವೋ, ದೇಹದಾನವೋ, ಯಾವುದು ಅವರಿಗೆ ಇಷ್ಟ ಎಂದು. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಇಚ್ಛೆಯನ್ನೂ ಮಕ್ಕಳಿಗೆ ತಿಳಿಸಿ. ನಿಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ಊರಿನ ಎಲ್ಲ ಕೇರಿಯವರಿಗೂ ಸ್ಮಶಾನ ಇದೆಯೇ ಎಂದು ಕೇಳಿ. ನೆರೆಮನೆಯಲ್ಲಿ ಸಾವಾದಾಗ ಜಾತಿ ಧರ್ಮ ನೋಡದೆ ಹೋಗಿ ಹೆಗಲು ಕೊಡಿ. ಅಲ್ಲಿ ಏನು ಮಾಡಬೇಕು, ಹೇಗೆ ಮಾಡಬೇಕು ಎಂಬುದನ್ನು ಆ ಮನೆಯವರು ಹೇಳಲಿ, ನಾವು ಅದರಂತೆ ನಡೆಯೋಣ.